ಅಪೇಕ್ಷೆ ಅಂದರೆ ಅರ್ಜಿ: ನಾನು ವಾರ್ಡಿಗೆ ನಿಂತ ಕಥೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ, ಪಂಚಾಯತ್ ಆಫೀಸಿನ ಎದುರು, ರಸ್ತೆಯ ಈಚೆ ಬದಿಯಲ್ಲಿ ನನ್ನ ಅಂಗಡಿ. ಜೆರಾಕ್ಸ್, ಟೈಪಿಂಗ್, ಲ್ಯಾಮಿನೇಶನ್, ಮತ್ತೆ ಅರ್ಜಿ ತುಂಬಿಸಿ ಕೊಡುವುದು. 2020ರ ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ನಾನು ವಾರ್ಡಿಗೆ ನಿಂತಾಗ ಈ ಕೆಲಸಕ್ಕೆ ಹದಿನಾರು ವರ್ಷ ಆಗಿತ್ತು.

ಅದಕ್ಕಿಂತ ಒಂದು ವರ್ಷ ಮೊದಲು ಒಬ್ಬರು ಅಜ್ಜ ಅಂಗಡಿಗೆ ಬಂದಿದ್ದರು. ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಒಂದು ನೋಟೀಸು. ಮನೆ ರಿಪೇರಿಗೆ ಸಹಾಯಧನ ಕೊಡುವ ವಿಷಯ. ಮಲಯಾಳದಲ್ಲಿ ಬರೆದದ್ದನ್ನು ಯಾರೋ ಕನ್ನಡ ಅಕ್ಷರಕ್ಕೆ ಇಳಿಸಿದ್ದರು. ‘ಅಪೇಕ್ಷೆ ಸಲ್ಲಿಸಬೇಕಾದ ಅವಸಾನ ದಿನ’ ಎಂದು ಕೆಳಗೆ ತಾರೀಕು ಹಾಕಿತ್ತು.

“ಅಕ್ಕ, ನನ್ನ ಅಪೇಕ್ಷೆ ಎಂತ ಅಂತ ಇವರಿಗೆ ಯಾಕೆ? ಅವಸಾನ ಅಂತ ಬೇರೆ ಬರೆದಿದ್ದಾರೆ. ಯಾರದ್ದು?” ಎಂದು ಕೇಳಿದರು. ಅವರ ಮುಖದಲ್ಲಿ ಹೆದರಿಕೆ ಇತ್ತು.

ಮಲಯಾಳದಲ್ಲಿ ಅಪೇಕ್ಷೆ ಅಂದರೆ ಅರ್ಜಿ. ಅವಸಾನ ಅಂದರೆ ಕೊನೆ. ಅರ್ಜಿ ಕೊಡಲು ಕೊನೆಯ ದಿನ, ಅಷ್ಟೇ. ಆದರೆ ನಾನು ಅದನ್ನು ಹೇಳುವಾಗ ಆ ದಿನ ಕಳೆದು ಒಂದು ವಾರ ಆಗಿತ್ತು. ಆ ವರ್ಷದ ಮಳೆಗಾಲಕ್ಕೂ ಅವರ ಮಾಡಿಗೆ ಟಾರ್ಪಾಲೇ ಗತಿಯಾಯಿತು.

ಇಂಥದ್ದು ಒಂದಲ್ಲ. ಅವರ ‘ಅನುವಾದ’ ನಮ್ಮ ಅನುಮತಿ. ಅವರ ‘ಅವಧಿ’ ನಮ್ಮ ರಜೆ. ‘ಪ್ರಸಂಗ’ ಅಂದರೆ ಭಾಷಣ, ‘ಸಂಸಾರ’ ಅಂದರೆ ಮಾತು. ಎರಡೂ ಭಾಷೆ ಗೊತ್ತಿದ್ದವರಿಗೆ ತೊಂದರೆ ಇಲ್ಲ. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿ ಬಿಟ್ಟ ಅಜ್ಜನಿಗೆ ಅಕ್ಷರ ಗೊತ್ತು, ಆದರೆ ಓದಿದರೂ ಅರ್ಥ ಆಗುವುದಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆ ದೊಡ್ಡ ವಿಷಯದ ಬಗ್ಗೆ ನಮ್ಮ ಹಿರಿಯರು ತುಂಬ ಹೋರಾಡಿದ್ದಾರೆ. ನಾನು ಹೇಳುತ್ತಿರುವುದು ಚಿಕ್ಕ ವಿಷಯ. ಕನ್ನಡದಲ್ಲಿ ಸರಕಾರಕ್ಕೆ ಬರೆಯುವ ಹಕ್ಕು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಹಕ್ಕು ಇದ್ದರೂ ನೋಟೀಸು ಅರ್ಥ ಆಗದಿದ್ದರೆ ಏನು ಮಾಡುವುದು? ಅಜ್ಜನ ನೋಟೀಸಿನ ಒಂದು ಜೆರಾಕ್ಸ್ ತೆಗೆದು ನಾನು ಡ್ರಾಯರಿನಲ್ಲಿ ಇಟ್ಟುಕೊಂಡೆ.

ಆಮೇಲೆ ಕೊರೊನಾ ಬಂತು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ನಮ್ಮ ಕಡೆಯವರಿಗೆ ಆಸ್ಪತ್ರೆ ಅಂದರೆ ಮಂಗಳೂರು, ಕಾಲೇಜು ಅಂದರೆ ಮಂಗಳೂರು, ಮೀನು ಮಾರುವವರಿಗೂ ಬಟ್ಟೆ ಅಂಗಡಿಯ ಹುಡುಗಿಯರಿಗೂ ಮಂಗಳೂರೇ. ಆಂಬುಲೆನ್ಸಿಗೂ ದಾರಿ ಸಿಗದೆ ಈ ತಾಲೂಕಿನಲ್ಲಿ ಜನ ತೀರಿಹೋದರು. ಗಡಿ ಸ್ವಲ್ಪ ತೆರೆದ ಮೇಲೆ ಪಾಸು ಬೇಕಾಯಿತು. ಅಲ್ಲಿಗೆ ಹೋಗಲು ಸೇವಾಸಿಂಧು, ಇಲ್ಲಿಗೆ ಬರಲು ಕೋವಿಡ್ ಜಾಗ್ರತಾ. ಎರಡು ರಾಜ್ಯ, ಎರಡು ವೆಬ್‌ಸೈಟು, ಎರಡು ಭಾಷೆ. ಆ ತಿಂಗಳುಗಳಲ್ಲಿ ನನ್ನ ಅಂಗಡಿಯ ಮೆಟ್ಟಿಲಿನಿಂದ ರಸ್ತೆವರೆಗೆ ಜನ ದೂರ ದೂರ ನಿಲ್ಲುತ್ತಿದ್ದರು. ಡಯಾಲಿಸಿಸ್‌ಗೆ ಹೋಗುವ ಒಬ್ಬರ ಪಾಸಿಗೆ ನಾನು ರಾತ್ರಿ ಹನ್ನೊಂದರವರೆಗೆ ಕಂಪ್ಯೂಟರ್ ಎದುರು ಕೂತದ್ದುಂಟು. ಆಗ ನನಗೆ ಒಂದು ವಿಷಯ ಗೊತ್ತಾಯಿತು. ಊರಿನ ಅರ್ಧ ಕಷ್ಟ ಕಾಗದದ ಹತ್ತಿರ ಬಂದು ನಿಲ್ಲುತ್ತದೆ. ಕಾಗದದ ಈಚೆ ನಾನಿದ್ದೇನೆ. ಆಚೆ ಬದಿಯಲ್ಲಿ ಕನ್ನಡ ಗೊತ್ತಿರುವವರು ಒಬ್ಬರಾದರೂ ಬೇಕಲ್ವಾ?

ಆ ವರ್ಷ ನಮ್ಮ ವಾರ್ಡು ಮಹಿಳಾ ಮೀಸಲಾಯಿತು. ಕೇರಳದಲ್ಲಿ ಪಂಚಾಯತಿನ ಅರ್ಧ ಸ್ಥಾನ ಹೆಂಗಸರಿಗೆ. ಇಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ವಾರ್ಡಿನಿಂದ ಗೆದ್ದ ಮೆಂಬರುಗಳು ಸೇರಿ ಆರಿಸುತ್ತಾರೆ. ಹಾಗಾಗಿ ಊರಿನ ಆಡಳಿತಕ್ಕೆ ಹೋಗಬೇಕು ಎನ್ನುವವರಿಗೆ ಬಾಗಿಲು ಒಂದೇ, ವಾರ್ಡು.

ಮೊದಲು ಹೇಳಿದವರು ನನ್ನ ಕನ್ನಡ ಮಾಸ್ಟ್ರು. ನಿವೃತ್ತರಾಗಿ ಹತ್ತು ವರ್ಷ. ದಿನಾ ಸಂಜೆ ಪೇಪರ್ ಓದಲು ಅಂಗಡಿಗೆ ಬರುತ್ತಾರೆ. “ನೀನೇ ನಿಲ್ಲು ಮಾರಾಯ್ತಿ, ಸೂಚಕನಾಗಿ ನಾನು ಸಹಿ ಹಾಕುತ್ತೇನೆ,” ಎಂದರು. ಮನೆಯವರಿಗೆ ಹೇಳಿದೆ. ಅವರದ್ದು ರಿಕ್ಷಾ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಲ್ಲುವುದಾದರೆ ಗೆಲ್ಲಲಿಕ್ಕೆ ನಿಲ್ಲು. ಅರ್ಧದಲ್ಲಿ ವಾಪಸ್ ಬರಬಾರದು,” ಎಂದರು. ಒಂದು ಕಡೆಯ ಪಕ್ಷದವರು ಬಂದು ತಮ್ಮ ಚಿಹ್ನೆಯಲ್ಲಿ ನಿಲ್ಲಲು ಕೇಳಿದರು. ಒಳ್ಳೆಯ ಮಾತಿನಲ್ಲೇ ಕೇಳಿದರು. ಆದರೆ ನನ್ನ ಅಂಗಡಿಗೆ ಎಡರಂಗದವರು, ಐಕ್ಯರಂಗದವರು, ಎನ್‌ಡಿಎಯವರು ಎಲ್ಲರೂ ಬರುತ್ತಾರೆ. ಯಾರ ಅರ್ಜಿ ತುಂಬಿಸುವಾಗಲೂ ನೀನು ಯಾವ ಪಕ್ಷ ಎಂದು ನಾನು ಕೇಳಿದವಳಲ್ಲ. ಪಕ್ಷೇತರಳಾಗಿಯೇ ನಿಂತೆ.

ನಾಮಪತ್ರ ಕೊಡಲು ನವೆಂಬರ್ 12ರಿಂದ 19ರವರೆಗೆ ಸಮಯ. ಹದಿನಾರು ವರ್ಷ ಬೇರೆಯವರ ಅರ್ಜಿ ತುಂಬಿಸಿದವಳಿಗೆ ತನ್ನದೇ ಅರ್ಜಿ ತುಂಬಿಸುವಾಗ ಕೈ ನಡುಗಿತು. ಎರಡನೇ ನಂಬರ್ ಫಾರಂ ನಾಮಪತ್ರ. ಅದರ ಜೊತೆಗೆ 2ಎ ಎಂಬ ಇನ್ನೊಂದು. ಆಸ್ತಿ ಎಷ್ಟು, ಸಾಲ ಎಷ್ಟು, ಕೇಸು ಉಂಟಾ ಎಂದೆಲ್ಲ ಅದರಲ್ಲಿ ಬರೆಯಬೇಕು. ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದಿಂದ ತೆಗೆದ ಸಾಲ, ಕುತ್ತಿಗೆಯ ಸರದ ತೂಕ, ರಿಕ್ಷಾದ ಕಂತು, ಎಲ್ಲ ಬರೆದೆ. ಅದನ್ನು ಗೋಡೆಗೆ ಅಂಟಿಸುತ್ತಾರೆ, ಊರೆಲ್ಲ ಓದುತ್ತದೆ ಎಂದು ಗೊತ್ತಿತ್ತು. ಠೇವಣಿ ಆಗ 1,000 ರೂಪಾಯಿ. ಮಲಯಾಳದಲ್ಲಿ ಇದಕ್ಕೆ ‘ಕೆಟ್ಟಿವೆಚ್ಚ ಕಾಶ್’ ಎನ್ನುತ್ತಾರೆ, ಕಟ್ಟಿಟ್ಟ ಹಣ. ಬಿದ್ದ ಸಿಂಧು ಮತಗಳಲ್ಲಿ ಆರರಲ್ಲಿ ಒಂದು ಪಾಲಾದರೂ ಸಿಗದಿದ್ದರೆ ಅದು ಹೋಗುತ್ತದೆ.

ಕೊರೊನಾದ ಕಾರಣ ಒಳಗೆ ಮೂರೇ ಜನ. ನಾನು, ಮಾಸ್ಟ್ರು, ಇನ್ನೊಬ್ಬಳು ಗೆಳತಿ. ಪ್ರತಿಜ್ಞೆ ಓದುವಾಗ ನಾನು ಕನ್ನಡದಲ್ಲಿ ಓದಬಹುದಾ ಎಂದು ಕೇಳಿದೆ. ಚುನಾವಣಾಧಿಕಾರಿ ತೆಂಕಣ ಜಿಲ್ಲೆಯವರು, ಕನ್ನಡ ಬರುವುದಿಲ್ಲ. ಆದರೂ ತಲೆಯಾಡಿಸಿ ಕನ್ನಡದ ಪ್ರತಿ ಹುಡುಕಿಸಿ ಕೊಟ್ಟರು. ನಾನು ಓದುವಾಗ ಮಾಸ್ಟ್ರು ಎದ್ದು ನಿಂತಿದ್ದರು.

ನವೆಂಬರ್ 20ಕ್ಕೆ ಪರಿಶೀಲನೆ. ಅಲ್ಲಿ ಒಂದು ತಡೆ ಬಂತು. ನಮ್ಮ ಮನೆ ಹೆಸರು ಹೊಸಮನೆ. ಮತದಾರರ ಪಟ್ಟಿಯಲ್ಲಿ ಅದು ‘ಪುದಿಯ ವೀಡ್’ ಆಗಿತ್ತು. ಯಾರೋ ಅಕ್ಷರ ಇಳಿಸುವ ಬದಲು ಅರ್ಥವನ್ನೇ ಇಳಿಸಿದ್ದಾರೆ. ಮಂಜೇಶ್ವರವನ್ನು ಮಂಜೇಶ್ವರಂ, ಕುಂಬಳೆಯನ್ನು ಕುಂಬಳ ಮಾಡುವುದಕ್ಕಿಂತಲೂ ಒಂದು ಹೆಜ್ಜೆ ಮುಂದೆ. ಎದುರಿನವರ ಕಡೆಯ ಒಬ್ಬರು, ಇದು ಬೇರೆ ವ್ಯಕ್ತಿ ಇರಬಹುದು ಎಂದು ಆಕ್ಷೇಪ ಹೇಳಿದರು. ಗುರುತಿನ ಚೀಟಿಯ ನಂಬರು, ಗಂಡನ ಹೆಸರು, ಪ್ರಾಯ ಎಲ್ಲ ತಾಳೆ ನೋಡಿ ಅಧಿಕಾರಿ ಪಾಸ್ ಮಾಡಿದರು. ಆ ಹತ್ತು ನಿಮಿಷ ನನ್ನ ಬಾಯಿ ಒಣಗಿಹೋಗಿತ್ತು. ನನ್ನದೇ ಮನೆಯ ಹೆಸರು ನನ್ನದೇ ಎಂದು ತೋರಿಸಬೇಕಾಗಿ ಬಂದದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

23ಕ್ಕೆ ವಾಪಸ್ ತೆಗೆಯುವ ಕೊನೆಯ ದಿನ. ಆಮೇಲೆ ಚಿಹ್ನೆ. ನನಗೆ ಕೊಡೆ ಸಿಕ್ಕಿತು. ಕೊಡೆ ಗೊತ್ತಿಲ್ಲದವರು ನಮ್ಮ ಊರಿನಲ್ಲಿ ಯಾರೂ ಇಲ್ಲ, ತುಂಬ ಸಂತೋಷ ಆಯಿತು. ಓಟಿನ ಮಶೀನಿಗೆ ಹಾಕುವ ಪತ್ರದಲ್ಲಿ ನಮ್ಮಲ್ಲಿ ಮಲಯಾಳ, ಕನ್ನಡ ಎರಡೂ ಇರುತ್ತದೆ. ನನ್ನ ಹೆಸರಿನ ಕನ್ನಡ ಅಕ್ಷರ ಸರಿ ಇದೆಯೇ ಎಂದು ಎರಡು ಸಲ ಹೋಗಿ ನೋಡಿದೆ.

ಪ್ರಚಾರಕ್ಕೆ ಉಳಿದದ್ದು ಹತ್ತೊಂಬತ್ತು ದಿನ. ಡಿಸೆಂಬರ್ 14ಕ್ಕೆ ಓಟು.

ಒಂದು ಮನೆಗೆ ಅಭ್ಯರ್ಥಿ ಸೇರಿ ಐದು ಜನಕ್ಕಿಂತ ಜಾಸ್ತಿ ಹೋಗಬಾರದು ಎಂದು ನಿಯಮ ಇತ್ತು. ಹಾರ ಹಾಕಿಸಿಕೊಳ್ಳುವ ಹಾಗಿಲ್ಲ, ಶಾಲು ಹೊದೆಸುವ ಹಾಗಿಲ್ಲ. ಫ್ಲೆಕ್ಸ್ ಮೊದಲೇ ನಿಷೇಧ, ಬಟ್ಟೆಯ ಬ್ಯಾನರೇ ಆಗಬೇಕು. ಪಕ್ಷದವರಿಗೆ ಇದರಿಂದ ಕಷ್ಟ ಆಯಿತು. ನನಗೆ ಅನುಕೂಲವೇ ಆಯಿತು. ಐದು ಜನ ಬಿಟ್ಟು ಆರನೆಯವರು ನನ್ನ ಹತ್ತಿರ ಇರಲೂ ಇಲ್ಲ. ಬೆಳಿಗ್ಗೆ ಏಳಕ್ಕೆ ಹೊರಟರೆ ಹತ್ತರವರೆಗೆ. ಆಮೇಲೆ ಅಂಗಡಿ. ಸಂಜೆ ನಾಲ್ಕಕ್ಕೆ ಮತ್ತೆ ಹೊರಟು ಕತ್ತಲಾಗುವವರೆಗೆ.

ಡಿಸೆಂಬರ್ ಅಂದರೆ ನಮ್ಮಲ್ಲಿ ಅಂಗಳ ತುಂಬ ಅಡಿಕೆ. ಒಣಗಲು ಹರಡಿದ ಅಡಿಕೆಯ ಬದಿಯಲ್ಲಿ ಕಾಲಿಡಲು ಒಂದು ಗೇಣು ಜಾಗ. ಅದರಲ್ಲಿ ನಡೆದು ಜಗಲಿಗೆ ಹೋದರೆ ಬೆಲ್ಲ, ನೀರು ಬರುತ್ತದೆ. ಇಲ್ಲವೇ ಪುನರ್ಪುಳಿ ಶರಬತ್ತು. ಮಾಸ್ಕ್ ತೆಗೆದು ಕುಡಿಯುವುದೋ ಬೇಡವೋ ಎಂದು ಮೊದಲ ದಿನ ಅನುಮಾನ ಆಯಿತು. ಕುಡಿಯದೆ ಬಂದರೆ ಅವರ ಮನಸ್ಸಿಗೆ ಬೇಜಾರು. ಅಂಗಳದ ಕೊನೆಗೆ ಹೋಗಿ ದೂರ ನಿಂತು ಕುಡಿಯುವುದನ್ನು ಕಲಿತೆವು.

ಒಂದೊಂದು ಮನೆಯಲ್ಲಿ ಒಂದೊಂದು ಭಾಷೆ. ತುಳು ಮನೆಯಲ್ಲಿ “ಈರೆನ ಓಟು ಎಂಕ್ ಕೊರೊಡು.” ಮಲಯಾಳದ ಮನೆಯಲ್ಲಿ “ಒರು ವೋಟ್ ತರಣಂ.” ಬ್ಯಾರಿ ನನಗೆ ಅರ್ಥ ಆಗುತ್ತದೆ, ಆಡಲು ನಾಲಗೆ ಹೊರಳುವುದಿಲ್ಲ. ಕೊಂಕಣಿಯೂ ಹಾಗೆಯೇ. ಉಪ್ಪಳ ಕಡೆಯ ಹನಫಿ ಮುಸಲ್ಮಾನರ ಮನೆಮಾತು ಉರ್ದು. ಆ ಮನೆಗಳಿಗೆ ಮಗಳು ಹಿಂದಿ ಸೇರಿಸಿ ಮಾತಾಡಿದಳು. ಕಾಸರಗೋಡನ್ನು ಸಪ್ತಭಾಷೆಯ ನಾಡು ಎಂದು ಭಾಷಣದಲ್ಲಿ ಕೇಳಿ ಕೇಳಿ ಸವೆದುಹೋಗಿದೆ. ಆದರೆ ಒಂದು ಬೆಳಿಗ್ಗೆ ಹದಿನೆಂಟು ಮನೆ ಹತ್ತಿ ಇಳಿದಾಗ ಆ ಮಾತು ಕಾಲಿಗೆ ತಿಳಿಯುತ್ತದೆ.

ಒಂದು ಮನೆಯ ಜಗಲಿಯಲ್ಲಿ ನಾಲ್ಕು ಹೆಂಗಸರು ಬೀಡಿ ಕಟ್ಟುತ್ತಿದ್ದರು. ನಾನು ಕನ್ನಡದ ನೋಟೀಸಿನ ವಿಷಯ ಎತ್ತಿದೆ. ಒಬ್ಬರು ಕೈ ನಿಲ್ಲಿಸದೆಯೇ ಹೇಳಿದರು. “ನೋಟೀಸು ಕನ್ನಡದಲ್ಲಿ ಬಂದರೂ ಮಲಯಾಳದಲ್ಲಿ ಬಂದರೂ ನನಗೆ ಓದಲು ಬರುವುದಿಲ್ಲ ಅಕ್ಕ. ಸಂಜೆ ಬೀಡಿ ಕೊಟ್ಟು ಬರುವಾಗ ಆ ತಿರುವಿನಲ್ಲಿ ಲೈಟ್ ಇಲ್ಲ. ಅದು ಹೇಳಿ.” ಎದುರು ಕೂತ ಇನ್ನೊಬ್ಬರು ಚರಂಡಿ ಎಂದರು. ಹೆದ್ದಾರಿ ಅಗಲ ಮಾಡಲು ಕಲ್ಲು ಹಾಕಿ ಹೋಗಿದ್ದರು, ನೀರು ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಿರಲಿಲ್ಲ. ಮಳೆಗಾಲದಲ್ಲಿ ಅವರ ಅಂಗಳವೇ ತೋಡು. ಅವತ್ತು ರಾತ್ರಿ ಹೊಸ ಡೈರಿ ತೆಗೆದೆ. ಮನೆ, ಅವರು ಹೇಳಿದ ಒಂದು ವಿಷಯ, ತಾರೀಕು. ಓಟು ಕೇಳುವುದಕ್ಕಿಂತ ಇದನ್ನು ಬರೆಯುವುದರಲ್ಲಿ ನನಗೆ ಹೆಚ್ಚು ಮನಸ್ಸು ನಿಂತಿತು. ಲೈಟ್ ಇಲ್ಲದ ತಿರುವು ನಮ್ಮ ವಾರ್ಡಿನಲ್ಲಿ ಏಳು. ನಾನು ದಿನಾ ರಿಕ್ಷಾದಲ್ಲಿ ಹೋಗುವವಳು, ನನಗೆ ಒಂದೂ ಗೊತ್ತಿರಲಿಲ್ಲ.

ಓಟು ಹಾಕುವ ಕ್ರಮವನ್ನೂ ಕಲಿಸಬೇಕಿತ್ತು. ಪಂಚಾಯತ್ ಚುನಾವಣೆಯಲ್ಲಿ ಒಬ್ಬರಿಗೆ ಮೂರು ಓಟು. ಗ್ರಾಮ ಪಂಚಾಯತಿಗೆ ಬಿಳಿ ಪತ್ರ, ಬ್ಲಾಕಿಗೆ ಗುಲಾಬಿ, ಜಿಲ್ಲೆಗೆ ನೀಲಿ. ಮೂರು ಮಶೀನು ಸಾಲಾಗಿ ಇಟ್ಟಿರುತ್ತಾರೆ. ಮೂರನ್ನೂ ಒತ್ತಿದ ಮೇಲೆ ಉದ್ದಕ್ಕೆ ಬೀಪ್ ಬರುತ್ತದೆ. ಯಾವುದಾದರೂ ಒಂದಕ್ಕೆ ಹಾಕಲು ಮನಸ್ಸಿಲ್ಲದಿದ್ದರೆ ಕೊನೆಯಲ್ಲಿ ಎಂಡ್ ಎಂಬ ಬಟನ್. ನೋಟಾ ಇಲ್ಲ. ಅಂಗಡಿಯಲ್ಲಿ ಬಣ್ಣದ ಕಾಗದ ಇತ್ತಲ್ಲ, ಮೂರು ರಟ್ಟಿಗೆ ಬಿಳಿ, ಗುಲಾಬಿ, ನೀಲಿ ಅಂಟಿಸಿ ಮಾದರಿ ಮಾಡಿದೆ. ಬಿಳಿಯದರಲ್ಲಿ ಮಾತ್ರ ಕೊಡೆ. ಉಳಿದೆರಡು ನಿಮ್ಮ ಇಷ್ಟ ಎಂದು ಹೇಳುತ್ತಿದ್ದೆ. ಪಕ್ಷದ ಮನೆಯವರಿಗೂ ಇದರಿಂದ ನನ್ನ ಮಾತು ಕೇಳಲು ಸುಲಭ ಆಯಿತು.

ಎಂಬತ್ತು ದಾಟಿದ ಒಬ್ಬರು ಅಜ್ಜಿ ಆ ರಟ್ಟನ್ನು ತುಂಬ ಹೊತ್ತು ನೋಡಿದರು. “ಮೂರೂ ನಾನೇ ಒತ್ತಿದರೆ ಕಳ್ಳ ಓಟು ಆಗುವುದಿಲ್ವಾ ಮಗಾ?” ಎಂದು ಕೇಳಿದರು. ಅಲ್ಲ ಅಜ್ಜಿ, ಮೂರೂ ನಿಮ್ಮದೇ ಎಂದೆ. ಹೋದ ಸಲ ಅವರು ಒಂದೇ ಒತ್ತಿ ಬಂದಿದ್ದರಂತೆ. ಬೀಪ್ ಬರಲಿಲ್ಲ, ಅಲ್ಲಿದ್ದವರು ಗದರಿದರು, ಹೆದರಿ ಹೊರಗೆ ಬಂದೆ ಎಂದರು. ಆ ದಿನದಿಂದ ಪ್ರತಿ ಮನೆಯಲ್ಲೂ ಪ್ರಾಯದವರನ್ನು ಕರೆದು ಮೊದಲು ರಟ್ಟಿನಲ್ಲಿ ಬೆರಳು ಇಡಿಸಿ ನೋಡಿದೆ.

ಇನ್ನು ನನ್ನ ತಪ್ಪು ಹೇಳುತ್ತೇನೆ. ಇದನ್ನು ಓದುವವರಲ್ಲಿ ಯಾರಾದರೂ ಬೆಳೆಯುತ್ತಿರುವ ಪೇಟೆಯಲ್ಲಿ ಮುಂದೆ ನಿಲ್ಲುವವರಿದ್ದರೆ ಅವರಿಗೆ ಉಪಯೋಗ ಆಗಬೇಕು.

ನಾನು ಮದುವೆಯಾದ ಹೊಸದರಲ್ಲಿ ಇಲ್ಲಿ ಹೆದ್ದಾರಿಯ ಎರಡು ಬದಿ ಹೆಂಚಿನ ಅಂಗಡಿ, ಹಿಂದೆ ಗದ್ದೆ. ಈಗ ಗದ್ದೆಯ ಜಾಗದಲ್ಲಿ ಫ್ಲ್ಯಾಟು. ಗಲ್ಫಿನ ದುಡ್ಡಿನಲ್ಲಿ ಎದ್ದದ್ದು ಕೆಲವು, ಬಾಡಿಗೆಗೆ ಕೊಟ್ಟದ್ದು ಕೆಲವು. ನಮ್ಮ ವಾರ್ಡಿನಲ್ಲೇ ಐದು ಕಟ್ಟಡ. ಗುರುತಿನ ಮನೆಗಳನ್ನು ಮೊದಲು ಮುಗಿಸೋಣ, ಫ್ಲ್ಯಾಟು ಕೊನೆಗೆ ಆಗಬಹುದು ಎಂದುಕೊಂಡೆ. ಗುರುತು ಇಲ್ಲದ ಬಾಗಿಲು ಬಡಿಯಲು ನಾಚಿಕೆಯೂ ಆಗಿತ್ತು. ಡಿಸೆಂಬರ್ 10ಕ್ಕೆ ಅಲ್ಲಿಗೆ ಹೋದೆ. ಪ್ರಚಾರ ಮುಗಿಯಲು ಎರಡೇ ದಿನ ಬಾಕಿ.

ಮೂರನೇ ಮಹಡಿಯಲ್ಲಿ ಒಬ್ಬರು ಬಾಗಿಲು ತೆಗೆದರು. ಕಣ್ಣೂರಿನ ಕಡೆಯಿಂದ ಬಂದು ಆರು ವರ್ಷ ಆಗಿದೆ, ಟೀಚರ್. ನನ್ನ ಪ್ರಚಾರದ ಕಾಗದ ಓದಿ, “ಚೇಚಿ, ಕನ್ನಡದಲ್ಲಿ ನೋಟೀಸು ಬೇಕು ಎಂದು ಬರೆದಿದ್ದೀರಿ, ಸರಿ. ನಮ್ಮ ಕಟ್ಟಡಕ್ಕೆ ಯಾವ ಭಾಷೆಯಲ್ಲೂ ನೋಟೀಸು ಬರುವುದಿಲ್ಲ. ಗ್ರಾಮಸಭೆ ಯಾವಾಗ ಎಂದು ನಮಗೆ ಗೊತ್ತಾಗುವುದು ಮುಗಿದ ಮೇಲೆ,” ಎಂದರು. ಆಮೇಲೆ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಕಸದ ರಾಶಿ ತೋರಿಸಿದರು. ಬೋರ್‌ವೆಲ್ಲಿನ ನೀರು ಉಪ್ಪಾಗಿದೆ ಎಂದು ಒಂದು ಲೋಟ ಕುಡಿಯಲು ಕೊಟ್ಟರು. ನನಗೆ ಮಾತು ಬರಲಿಲ್ಲ. ಅಜ್ಜನಿಗೆ ಆದದ್ದೂ ಇವರಿಗೆ ಆದದ್ದೂ ಒಂದೇ. ಇದನ್ನು ಮೊದಲ ವಾರದಲ್ಲೇ ಕೇಳಿದ್ದರೆ ನನ್ನ ಕಾಗದದಲ್ಲಿ ಬೇರೆ ಬರೆಯುತ್ತಿದ್ದೆ. ನಾನು ಇವರನ್ನು ಹೊರಗಿನವರು ಎಂದು ಕೊನೆಗೆ ಇಟ್ಟಿದ್ದೆ. ಊರು ಬೆಳೆದಿದೆ ಎನ್ನುತ್ತೇವೆ, ಬೆಳೆದ ಭಾಗವನ್ನು ಊರು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉಳಿದ ಎರಡು ದಿನ ಐದೂ ಕಟ್ಟಡ ಹತ್ತಿದೆ. ಅರ್ಧ ಬಾಗಿಲು ಮುಚ್ಚಿತ್ತು.

ಖರ್ಚಿನ ವಿಷಯ ಜಾಸ್ತಿ ಹೇಳಲಿಕ್ಕೆ ಇಲ್ಲ. ಗ್ರಾಮ ಪಂಚಾಯತಿಗೆ 25,000 ರೂಪಾಯಿ ಮಿತಿ. ನನ್ನದು ಅಷ್ಟು ಆಗಲಿಲ್ಲ. ನನ್ನದೇ ಅಂಗಡಿಯಲ್ಲಿ ಪ್ರಿಂಟ್ ಹಾಕಿದ್ದಕ್ಕೂ ಪೇಟೆ ರೇಟಿನಲ್ಲಿ ಬಿಲ್ ಮಾಡಿ ಇಟ್ಟೆ. ಕೊಟ್ಟಿಕ್ಕಲಾಶಂ ಎಂದು ಕೊನೆಯ ಸಂಜೆ ಚೆಂಡೆ, ಮೈಕು, ಗಲಾಟೆ ಮಾಡುವ ಪದ್ಧತಿ ಇಲ್ಲಿ ಉಂಟು. ಆ ವರ್ಷ ಅದಕ್ಕೂ ಅವಕಾಶ ಇರಲಿಲ್ಲ. 12ರ ಸಂಜೆ ಪೇಟೆ ಹಾಗೆಯೇ ಸದ್ದಿಲ್ಲದೆ ಮುಚ್ಚಿತು.

14, ಸೋಮವಾರ. ನಮ್ಮ ಬೂತು ನಾನು ಕಲಿತ ಕನ್ನಡ ಶಾಲೆಯಲ್ಲೇ. ಬೆಳಿಗ್ಗೆ ಏಳಕ್ಕೆ ಶುರು. ಅದಕ್ಕೆ ಮೊದಲು ಏಜೆಂಟರ ಎದುರು ಅಣಕು ಓಟು ಹಾಕಿ ಮಶೀನು ಸರಿ ಇದೆ ಎಂದು ತೋರಿಸುತ್ತಾರೆ. ನನ್ನ ಏಜೆಂಟ್ ಮಗಳೇ. ಬಾಗಿಲಿನಲ್ಲಿ ಕೈಗೆ ಸ್ಯಾನಿಟೈಸರ್, ಒಳಗೆ ಎಡಗೈ ಬೆರಳಿಗೆ ಶಾಯಿ, ಹೊರಗೆ ಬರುವಾಗ ಮತ್ತೆ ಸ್ಯಾನಿಟೈಸರ್. ಶಾಯಿ ಅಳಿಸಿಹೋಗುತ್ತದೋ ಎಂದು ಕೆಲವರು ಬೆರಳನ್ನು ಎತ್ತಿ ಹಿಡಿದುಕೊಂಡೇ ಬರುತ್ತಿದ್ದರು.

ಬೂತಿನಿಂದ 200 ಮೀಟರ್ ದೂರದಲ್ಲಿ ಪಕ್ಷದವರ ಮೇಜು, ಕುರ್ಚಿ. ನನಗೂ ಒಂದು ಬೆಂಚು ಇತ್ತು. ಎದುರಿನ ಕಡೆಯವರು ಊಟದ ಹೊತ್ತಿಗೆ ನಮಗೂ ಎರಡು ಪೊಟ್ಟಣ ಕಳಿಸಿದರು. ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ 2016ರ ವಿಧಾನಸಭಾ ಚುನಾವಣೆಯನ್ನು 89 ಓಟು ತೀರ್ಮಾನಿಸಿತ್ತು. ಅಂದಿನಿಂದ ಇಲ್ಲಿ ಯಾರೂ ಒಂದು ಓಟನ್ನೂ ಬಿಡುವುದಿಲ್ಲ. ಯಾರು ಬಂದಿಲ್ಲ, ಯಾರಿಗೆ ಜ್ವರ, ಯಾರು ಮಂಗಳೂರಿನಲ್ಲಿ ಉಳಿದಿದ್ದಾರೆ ಎಂದು ಮೂರೂ ಕಡೆಯವರ ಹತ್ತಿರ ಪಟ್ಟಿ. ನಮ್ಮ ಮನೆಯವರ ರಿಕ್ಷಾ ಅವತ್ತು ಮನೆಯಲ್ಲೇ ನಿಂತಿತ್ತು. ಓಟುದಾರರನ್ನು ಗಾಡಿಯಲ್ಲಿ ಕರೆದುಕೊಂಡು ಬರಬಾರದು ಎಂದು ನಿಯಮ. ಅವರು ಅದನ್ನು ಮುರಿಯಲಿಲ್ಲ, ನಾನೂ ಹೇಳಲಿಲ್ಲ.

ಹತ್ತು ಗಂಟೆಗೆ ಆ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು. ಮೊಮ್ಮಗ ಬಾಗಿಲಲ್ಲೇ ನಿಂತ, ಅಜ್ಜಿ ಒಬ್ಬರೇ ಒಳಗೆ ಹೋದರು. ನನ್ನ ಬೆಂಚಿಗೆ ಕೇಳುವಷ್ಟು ಹತ್ತಿರ ಅಲ್ಲ. ಮಗಳು ಆಮೇಲೆ ಹೇಳಿದಳು. ಮೂರೂ ಅವರೇ ಒತ್ತಿದರಂತೆ. ಬೀಪ್ ಬಂದಾಗ ಅಧಿಕಾರಿಯ ಕಡೆ ತಿರುಗಿ, “ಆಯ್ತಲ್ಲ?” ಎಂದರಂತೆ. ಅವರು ಯಾವುದಕ್ಕೆ ಒತ್ತಿದರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಆ ಹೊತ್ತಿಗೆ ನನಗೆ ಅಳು ಬಂತು.

ಸಂಜೆ ಕೊನೆಯ ಹೊತ್ತು ಕೊರೊನಾ ಇದ್ದವರಿಗೆ. ಪಿಪಿಇ ಕಿಟ್ ಹಾಕಿದ ಇಬ್ಬರು ಬಂದರು. ಆರಕ್ಕೆ ಮಶೀನಿಗೆ ಸೀಲು.

16ಕ್ಕೆ ಎಣಿಕೆ. ಎಂಟು ಗಂಟೆಗೆ ಮೊದಲು ಅಂಚೆ ಓಟು, ಆಮೇಲೆ ಮಶೀನು. ಹತ್ತೊಂಬತ್ತು ದಿನ ನಡೆದದ್ದು ಹತ್ತು ನಿಮಿಷದಲ್ಲಿ ಮುಗಿಯಿತು. ಗೆದ್ದವರಿಗೆ 402, ನನಗೆ 347. ಇನ್ನಿಬ್ಬರು ನನ್ನ ಹಿಂದೆ. 55 ಓಟು ಎಂದು ಮಾಸ್ಟ್ರು ಕಾಗದದಲ್ಲಿ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಫ್ಲ್ಯಾಟುಗಳಲ್ಲಿ ತೆರೆಯದ ಬಾಗಿಲುಗಳನ್ನು ನಾನು ಆ ರಾತ್ರಿ ಎಣಿಸಿದೆ. ಎಣಿಸಿ ಪ್ರಯೋಜನ ಇಲ್ಲ ಎಂದು ಗೊತ್ತಿದ್ದೂ ಎಣಿಸಿದೆ. ಮನೆಯವರು ಬದಿಯಲ್ಲಿ ಬಂದು ಕೂತರು, ಏನೂ ಹೇಳಲಿಲ್ಲ.

ಮರುದಿನ ಒಂಬತ್ತಕ್ಕೆ ಅಂಗಡಿ ತೆರೆದೆ. ಮೊದಲು ಬಂದವರು ಪೆನ್ಶನ್ ಕಾಗದ ಹಿಡಿದುಕೊಂಡು ಬಂದಿದ್ದರು. ನನ್ನ ಮುಖ ನೋಡಲು ಅವರಿಗೇ ಕಷ್ಟ ಆಯಿತು. ಕೂತುಕೊಳ್ಳಿ ಎಂದು ಸ್ಟೂಲ್ ಎಳೆದೆ.

ಖರ್ಚಿನ ಲೆಕ್ಕ ಫಲಿತಾಂಶದಿಂದ 30 ದಿನದ ಒಳಗೆ ಕೊಡಬೇಕು. ಸೋತವರು ಇದನ್ನು ಮರೆತುಬಿಡುತ್ತಾರೆ. ಕೊಡದಿದ್ದರೆ ಮುಂದೆ ನಿಲ್ಲಲು ಅನರ್ಹರಾಗುತ್ತಾರೆ. ದಯವಿಟ್ಟು ಯಾರೂ ಮರೆಯಬೇಡಿ. ನಾನು ಜನವರಿ ಮೊದಲ ವಾರದಲ್ಲೇ ಬಿಲ್ಲುಗಳನ್ನು ಪಿನ್ ಹಾಕಿ ಕೊಟ್ಟೆ. ಠೇವಣಿ ಉಳಿದಿತ್ತು. ಅದನ್ನು ವಾಪಸ್ ಪಡೆಯಲು ಇನ್ನೊಂದು ಅರ್ಜಿ.

ಲೈಟ್ ಇಲ್ಲದ ಏಳು ತಿರುವಿನ ಪಟ್ಟಿಯನ್ನು ಡೈರಿಯಿಂದ ಟೈಪ್ ಮಾಡಿ ಗೆದ್ದ ಮೆಂಬರಿಗೆ ಕಳಿಸಿದೆ. ಕಳಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬೀಡಿ ಕಟ್ಟುವ ಹೆಂಗಸರು ಸಂಜೆ ಅದೇ ದಾರಿಯಲ್ಲಿ ಬರುತ್ತಾರೆ, ನಾನು ಗೆದ್ದೆನೋ ಸೋತೆನೋ ಆ ಕತ್ತಲೆಗೆ ಏನು?

ಫೆಬ್ರವರಿಯಲ್ಲಿ ಒಂದು ದಿನ ಮಧ್ಯಾಹ್ನ ಆ ಮೆಂಬರೇ ಅಂಗಡಿಗೆ ಬಂದರು. ನನಗಿಂತ ಹತ್ತು ವರ್ಷ ಚಿಕ್ಕವರು, ಕುಟುಂಬಶ್ರೀಯಿಂದ ಬಂದವರು, ಮನೆಮಾತು ಮಲಯಾಳ. “ಚೇಚಿ, ಲೈಟಿನ ಪಟ್ಟಿ ಸಿಕ್ಕಿತು, ಮೂರಕ್ಕೆ ಬರೆದು ಕಳಿಸಿದ್ದೇನೆ,” ಎಂದರು. ಆಮೇಲೆ ಬ್ಯಾಗಿನಿಂದ ಒಂದು ಕಾಗದ ತೆಗೆದರು. ಗ್ರಾಮಸಭೆಯ ನೋಟೀಸು. ಮೂರು ತಿಂಗಳಿಗೊಮ್ಮೆ ಸಭೆ ಕರೆಯಬೇಕು, ವಾರ್ಡಿನ ಓಟುದಾರರಲ್ಲಿ ನೂರಕ್ಕೆ ಹತ್ತು ಜನವಾದರೂ ಬರಬೇಕು. ಮನೆ ರಿಪೇರಿಯ ಪಟ್ಟಿಯೂ ಈ ಸಭೆಯಲ್ಲೇ. “ಇದನ್ನು ಕನ್ನಡದಲ್ಲೂ ಹಾಕಬೇಕು. ಜನರಿಗೆ ಅರ್ಥ ಆಗುವ ಕನ್ನಡ,” ಎಂದರು.

ನಾನು ಡ್ರಾಯರಿನಿಂದ ಅಜ್ಜನ ನೋಟೀಸಿನ ಜೆರಾಕ್ಸ್ ತೆಗೆದು ಅವರ ಎದುರು ಇಟ್ಟೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಗಟ್ಟಿಯಾಗಿ ಓದಿ, ಅಜ್ಜನಿಗೆ ಅದು ಹೇಗೆ ಕೇಳಿಸಿತು ಎಂದು ಮಲಯಾಳದಲ್ಲಿ ಹೇಳಿದೆ. ಅವರು ಬಾಯಿಗೆ ಕೈ ಇಟ್ಟರು. ಇಬ್ಬರೂ ಕೂತು ಒಂದೊಂದೇ ಮಾತು ನೋಡಿದೆವು. ‘ಗುಣಭೋಕ್ತಾವ್’ ಎಂಬಲ್ಲಿ ಫಲಾನುಭವಿ. ‘ಅವಸಾನ ತೀಯತಿ’ ಎಂಬಲ್ಲಿ ಕೊನೆಯ ದಿನ. ‘ಅಪೇಕ್ಷ’ಗೆ ಏನು ಎಂದು ಕೇಳಿದರು. ಅರ್ಜಿ ಎಂದೆ. ಅವರು ಪೆನ್ನು ತೆಗೆದು ಮಲಯಾಳ ಅಕ್ಷರದಲ್ಲಿ ‘ಅರ್ಜಿ’ ಎಂದು ಕಾಗದದ ಬದಿಯಲ್ಲಿ ಬರೆದುಕೊಂಡರು.

ಕಾಪಿ ಎಷ್ಟು ಬೇಕು ಎಂದು ಕೇಳಿದೆ. ಬಸ್‌ಸ್ಟ್ಯಾಂಡಿಗೆ, ರೇಶನ್ ಅಂಗಡಿಗೆ, ಅಂಗನವಾಡಿಗೆ, ಮಸೀದಿಯ ಹತ್ತಿರ, ದೈವಸ್ಥಾನದ ಹತ್ತಿರ ಎಂದು ಬೆರಳು ಮಡಚಿ ಲೆಕ್ಕ ಹಾಕಿ ಇಪ್ಪತ್ತು ಎಂದರು. ಐದು ಫ್ಲ್ಯಾಟಿಗೆ ಬೇರೆ ಬೇಕು, ಒಂದೊಂದು ಮಹಡಿಗೆ ಒಂದೊಂದು ಎಂದು ನಾನು ಹೇಳಿ ಮಶೀನಿಗೆ ಕಾಗದ ತುಂಬಿಸಿದೆ.